ಉದ್ಯಾನದಲ್ಲಿ ಮಕ್ಕಳು, ಮಕ್ಕಳೊಡನೆ ಭೌತವಿಜ್ಞಾನ

ಪ್ರೌಢಶಾಲೆಯಲ್ಲಿಯೋ ಕಾಲೇಜಿನಲ್ಲಿಯೋ ಓದುತ್ತಿರುವವರಿಗೆ ರಜೆಯ ದಿನಗಳಲ್ಲಿ ಮನೆಯ ಹಿರಿಯರು ಒಪ್ಪಿಸುವ ಕೆಲಸಗಳಲ್ಲಿ ಒಂದುಂಟು: ಚಿಕ್ಕ ತಮ್ಮ ತಂಗಿಯರನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗಿ, ಆಡಿಸಿ, ಕ್ಷೇಮವಾಗಿ ಮನೆಗೆ ಕರೆತರುವುದು. ಈ ಕೆಲಸವನ್ನು ಬೇಸರದ ಹೊರೆಯೆಂದು ಎಣಿಸುವವರೇ ಹೆಚ್ಚು. ಆದರೆ ಐದಾರು ವರ್ಷದ ಮಗುವೊಂದು ಉದ್ಯಾನದಲ್ಲಿ ಒಂದು ಗಂಟೆ ಕಳೆದರೆ ಅದು ಕೇಳುವ ಪ್ರಶ್ನೆಗಳಲ್ಲಿ ಅರ್ಧಪಾಲು ಭೌತವಿಜ್ಞಾನದ ಪ್ರಶ್ನೆಗಳೇ ಆಗಿರುತ್ತವೆ. ಅವುಗಳಿಗೆ ಬೇಕಾದ ಉತ್ತರ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇದೆ. ಅಷ್ಟೇ ಅಲ್ಲ, ಮಗು ಗಾಯಗೊಳ್ಳದಂತೆ ಕಾಯುವುದಕ್ಕೂ ಆ ಪಾಠಗಳೇ ನೆರವಾಗುತ್ತವೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಬೀದರ ಪಟ್ಟಣದವರಿಗೆ ಉದ್ಯಾನವೆಂಬುದು ಹೊಸ ವಸ್ತುವಲ್ಲ. ಪಟ್ಟಣದ ಪಶ್ಚಿಮಕ್ಕೆ ಬರೀದಶಾಹಿ ಅರಸರ ಗೋರಿಗಳಿರುವ ಉದ್ಯಾನವಿದೆ. ಅದರಲ್ಲಿ 1577ರ ಸುಮಾರಿಗೆ ಕಟ್ಟಿದ ಅಲಿ ಬರೀದನ ಗೋರಿ ನಾಲ್ಕು ದಿಕ್ಕಿಗೂ ತೆರೆದ ಕಮಾನುಗಳೊಡನೆ ನಿಂತಿದೆ. ಅದರ ಸುತ್ತಲಿನ ನೆಲವನ್ನು ನಾಲ್ಕು ಭಾಗಗಳ ತೋಟವಾಗಿ ಯೋಜಿಸಿದ್ದರು. ಕೋಟೆಯೊಳಗೆ ಹದಿನಾರು ಕಂಬದ ಮಸೀದಿಯ ಎದುರಿಗೆ ಲಾಲ್ ಬಾಗ್ ಎಂಬ ತೋಟವೂ, ಅದರಲ್ಲಿ ನೀರಿನ ಕಾಲುವೆಯೂ ಇವೆ. ಅರಸರ ತೋಟಗಳಲ್ಲಿ ಉಯ್ಯಾಲೆ, ಜಾರುಬಂಡೆಗಳು ಇದ್ದುವೋ ಇಲ್ಲವೋ, ಇಂದಿನ ಸಾರ್ವಜನಿಕ ಉದ್ಯಾನಗಳಲ್ಲಿ ಅವೇ ಮಕ್ಕಳ ಮೊದಲ ಆಕರ್ಷಣೆ. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಶಾಲೆಯ ಬಯಲಿನಲ್ಲಿ ಒಂದು ಉಯ್ಯಾಲೆ, ಒಂದು ಬೇವಿನ ಮರ ಇದ್ದರೂ ಮುಂದೆ ಹೇಳುವ ಪ್ರಯೋಗಗಳಿಗೆ ಸಾಕು. ಕೈಗಡಿಯಾರ, ಅಳತೆಯ ಪಟ್ಟಿ, ಒಂದು ಹಾಳೆ, ಇಷ್ಟೇ ಸಲಕರಣೆ.

ಉಯ್ಯಾಲೆ

“ಅಣ್ಣ ನನಗಿಂತ ಭಾರವಾಗಿದ್ದಾನೆ. ಅವನು ಕುಳಿತರೆ ಉಯ್ಯಾಲೆ ಮೆಲ್ಲಗೆ ಆಡುವುದೇ?” ಎಂದು ಮಗು ಕೇಳಿದರೆ ಉತ್ತರ ಹೇಳಲು ಅವಸರಪಡಬೇಡಿ. ಗಡಿಯಾರವನ್ನು ಕೈಗೆ ತೆಗೆದುಕೊಳ್ಳಿ. ಉಯ್ಯಾಲೆ ಮುಂದೆ ಹೋಗಿ ಹಿಂದಕ್ಕೆ ಬಂದರೆ ಒಂದು ಆಂದೋಲನ. ಮಗುವನ್ನು ಕೂರಿಸಿ, ಸಣ್ಣದಾಗಿ ತೂಗಿ, ಹತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಬರೆದುಕೊಳ್ಳಿ. ಅನಂತರ ನೀವೇ ಕುಳಿತು ಅದನ್ನೇ ಮಗುವಿನಿಂದ ಎಣಿಸಿರಿ. ಎರಡು ಅಂಕಿಗಳೂ ಬಹುಮಟ್ಟಿಗೆ ಒಂದೇ ಆಗಿರುವುವು. ಲೋಲಕದ ಆಂದೋಲನಕಾಲವು ತೂಗುವ ವಸ್ತುವಿನ ಭಾರವನ್ನು ಅವಲಂಬಿಸಿಲ್ಲ. ಅದು ಲೋಲಕದ ಉದ್ದವನ್ನೂ ಗುರುತ್ವವನ್ನೂ ಮಾತ್ರ ಅವಲಂಬಿಸಿದೆ. ಭಾರ ಇಮ್ಮಡಿಯಾದರೆ ಅದನ್ನು ಕೆಳಗೆ ಸೆಳೆಯುವ ಬಲವೂ ಇಮ್ಮಡಿಯಾಗುತ್ತದೆ. ಸರಿಸಬೇಕಾದ ದ್ರವ್ಯವೂ ಇಮ್ಮಡಿಯಾಗಿರುವುದರಿಂದ ವೇಗದಲ್ಲಿ ವ್ಯತ್ಯಾಸ ಬಾರದು.

ತೂಗುಬಿಂದುವಿನಿಂದ ಕುಳಿತವರ ಗುರುತ್ವಕೇಂದ್ರದವರೆಗಿನ ಅಂತರವೇ ಇಲ್ಲಿ ಲೋಲಕದ ಉದ್ದ. ಅದು 1 ಮೀಟರ್ ಇದ್ದರೆ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡು, 2 ಮೀಟರ್ ಇದ್ದರೆ 2.8 ಸೆಕೆಂಡು, 4 ಮೀಟರ್ ಇದ್ದರೆ 4 ಸೆಕೆಂಡು. ಉದ್ದ ನಾಲ್ಕರಷ್ಟಾದಾಗ ಕಾಲ ಎರಡರಷ್ಟೇ ಆಯಿತೆಂಬುದನ್ನು ಗಮನಿಸಿ. ಇನ್ನು ನೀವು ಉಯ್ಯಾಲೆಯ ಮೇಲೆ ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುತ್ತದೆ, ಲೋಲಕದ ಉದ್ದ ಕುಗ್ಗುತ್ತದೆ, ಆಂದೋಲನವು ಚುರುಕಾಗುತ್ತದೆ. ಲೋಲಕದ ಈ ನಿಯತವಾದ ಗತಿಯನ್ನೇ ಬಳಸಿಕೊಂಡು 1656ರಲ್ಲಿ ಹಾಲೆಂಡಿನ ಕ್ರಿಶ್ಚಿಯನ್ ಹೈಗೆನ್ಸನು ಲೋಲಕದ ಗಡಿಯಾರವನ್ನು ರೂಪಿಸಿದನು.

ಉಯ್ಯಾಲೆಯನ್ನು ನೂಕುವವರು ಇನ್ನೊಂದು ಸಂಗತಿಯನ್ನು ತಿಳಿಯದೆಯೇ ಬಲ್ಲರು. ಅದು ಹಿಂದಿನ ಕೊನೆಗೆ ಬಂದು ಮುಂದಕ್ಕೆ ಹೊರಳುವ ಹೊತ್ತಿಗೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಸಾಕು, ತೂಗಾಟ ಬೆಳೆಯುತ್ತಾ ಹೋಗುತ್ತದೆ. ಇದೇ ಅನುರಣನ. ಹೊತ್ತು ತಪ್ಪಿ ಬಲವಾಗಿ ನೂಕಿದರೆ ತೂಗಾಟ ಅಡಗುತ್ತದೆ. ಬಲಕ್ಕಿಂತ ಹೊತ್ತು ಮುಖ್ಯವೆಂಬುದನ್ನು ಆರು ವರ್ಷದ ಮಗುವೂ ಎರಡೇ ನಿಮಿಷಗಳಲ್ಲಿ ಕಲಿಯುವುದು.

ಈಗ ಅಪಾಯದ ಲೆಕ್ಕವನ್ನು ನೋಡೋಣ. ಉದ್ದ 2 ಮೀಟರ್ ಇರುವ ಉಯ್ಯಾಲೆಯನ್ನು ಹುರುಪಿನಿಂದ ಲಂಬಕ್ಕೆ 60 ಡಿಗ್ರಿಯವರೆಗೆ ತೂಗಿದಿರೆನ್ನಿ. ಆಗ ಅದು ತಳದಿಂದ ನೆಟ್ಟಗೆ 1 ಮೀಟರ್ ಮೇಲೇರಿರುತ್ತದೆ. ಅಲ್ಲಿಂದ ಇಳಿದು ತಳಕ್ಕೆ ಬರುವಾಗ ಅದರ ವೇಗ ಸೆಕೆಂಡಿಗೆ 4.4 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್. ಅದರಲ್ಲಿ 20 ಕಿಲೋಗ್ರಾಂ ತೂಕದ ಮಗುವಿದ್ದರೆ, ಎದುರಿಗೆ ಬಂದ ಇನ್ನೊಂದು ಮಗುವಿಗೆ ತಗಲುವ ಪೆಟ್ಟು 20 ಕಿಲೋಗ್ರಾಂ ತೂಕದ ವಸ್ತುವೊಂದು 1 ಮೀಟರ್ ಎತ್ತರದಿಂದ ಬಿದ್ದಂತೆ. ಹಿಂದಿನ ಕೊನೆಯಿಂದ ತಳಕ್ಕೆ ಬರಲು ಅದಕ್ಕೆ ಬೇಕಾದ ಕಾಲ ಮುಕ್ಕಾಲು ಸೆಕೆಂಡು ಮಾತ್ರ. ಅಡ್ಡ ಓಡುವ ಮಗು ಉಯ್ಯಾಲೆಯನ್ನು ಹಿಂದಿನ ಕೊನೆಯಲ್ಲಿ ಕಂಡು, ದೂರದಲ್ಲಿದೆಯೆಂದು ಭಾವಿಸಿ ಹೆಜ್ಜೆ ಇಡುತ್ತದೆ. ಅದು ಎರಡನೆಯ ಹೆಜ್ಜೆ ಇಡುವಷ್ಟರಲ್ಲಿ ಉಯ್ಯಾಲೆ ಬಂದಿರುತ್ತದೆ. ಆದುದರಿಂದ ತೂಗುಬಿಂದುವಿನ ಎತ್ತರದ ಎರಡರಷ್ಟು ದೂರವನ್ನು ಉಯ್ಯಾಲೆಯ ಮುಂದೆಯೂ ಹಿಂದೆಯೂ ಬರಿದಾಗಿ ಬಿಡಬೇಕು. ನೆಲದ ಮೇಲೆ ಕಡ್ಡಿಯಿಂದ ಒಂದು ಗೆರೆ ಎಳೆದು, “ಇದನ್ನು ದಾಟಬಾರದು” ಎಂದು ಕಾಯುತ್ತಿರುವ ಮಕ್ಕಳಿಗೆ ತೋರಿಸಿಬಿಡಿ.

ಇದೇ ತೂಗಾಟದ ತಳದಲ್ಲಿ ಸರಪಳಿಯ ಮೇಲೆ ಬೀಳುವ ಬಲವೆಷ್ಟು? ಮಗುವಿನ ತೂಕವನ್ನು ಹೊರುವುದಲ್ಲದೆ ಅದನ್ನು ವೃತ್ತಮಾರ್ಗದಲ್ಲಿ ತಿರುಗಿಸುವ ಬಲವನ್ನೂ ಸರಪಳಿಯೇ ಒದಗಿಸಬೇಕು. ಮೇಲಿನ ಉದಾಹರಣೆಯಲ್ಲಿ ಈ ಎರಡೂ ಸಮವಾಗಿದ್ದು, ಒಟ್ಟು ಬಲ ತೂಕದ ಇಮ್ಮಡಿಯಾಗುತ್ತದೆ. ಮಳೆಗೆ ತುಕ್ಕು ಹಿಡಿದ ಕೊಂಡಿಯು ಸುಮ್ಮನೆ ಕುಳಿತಾಗ ತಡೆದು, ತೂಗಿದಾಗ ಕಡಿಯುವುದಕ್ಕೆ ಇದೇ ಕಾರಣ. ಮಗುವನ್ನು ಕೂರಿಸುವ ಮೊದಲು ಮೇಲಿನ ಕೊಂಡಿಯತ್ತ ಒಮ್ಮೆ ಕಣ್ಣು ಹಾಯಿಸಿ.

ಏರಿಳಿಯುವ ಹಲಗೆ

ನಡುವೆ ಆಧಾರವಿರುವ ಏರಿಳಿಯುವ ಹಲಗೆಯು ಅಪ್ಪಟವಾದ ಸನ್ನೆ. ತೂಕವನ್ನು ಆಧಾರದಿಂದ ಇರುವ ದೂರದಿಂದ ಗುಣಿಸಿದಾಗ ಎರಡು ಕಡೆಯ ಫಲಗಳೂ ಸಮವಾದರೆ ಹಲಗೆ ಸಮತೂಕದಲ್ಲಿ ನಿಲ್ಲುತ್ತದೆ. ಈ ನಿಯಮವನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಆರ್ಕಿಮಿಡೀಸನು ಸಾಧಿಸಿ ತೋರಿಸಿದ್ದನು. ನಿಮ್ಮ ತೂಕ 45 ಕಿಲೋಗ್ರಾಂ, ತಂಗಿಯ ತೂಕ 15 ಕಿಲೋಗ್ರಾಂ ಎಂದಿರಲಿ. ಅವಳು ಆಧಾರದಿಂದ 1.5 ಮೀಟರ್ ದೂರದಲ್ಲಿದ್ದರೆ ನೀವು ಅರ್ಧ ಮೀಟರ್ ದೂರದಲ್ಲಿ ಕುಳಿತುಕೊಳ್ಳಬೇಕು. ಈ ಲೆಕ್ಕದಿಂದ ಮನೆಯ ಪ್ರತಿಯೊಬ್ಬರ ತೂಕವನ್ನೂ ಒಂದು ಮಗುವಿನ ತೂಕದಲ್ಲಿ ಅಳೆಯಬಹುದು. ಆದರೆ ಕೆಳಗಿರುವವರು ಹಠಾತ್ತಾಗಿ ಎದ್ದುಬಿಟ್ಟರೆ ಮೇಲಿರುವ ಮಗು ಆಸರೆ ತಪ್ಪಿ ಹಲಗೆಯೊಡನೆ ನೆಲಕ್ಕೆ ಅಪ್ಪಳಿಸುತ್ತದೆ. ಇಳಿಯುವುದಾದರೆ ಹೇಳಿ ಇಳಿಯಬೇಕೆಂಬುದು ಈ ಆಟದ ಮೊದಲ ನಿಯಮ.

ಜಾರುಬಂಡೆ

ಜಾರುಬಂಡೆಯ ಮೇಲೆ ಒಂದೇ ಎತ್ತರದಿಂದ ಹೊರಟ ಇಬ್ಬರು ಮಕ್ಕಳಲ್ಲಿ ಒಬ್ಬ ಜಾರುತ್ತಾನೆ, ಇನ್ನೊಬ್ಬ ನಡುವೆಯೇ ನಿಂತುಬಿಡುತ್ತಾನೆ. ಇದಕ್ಕೆ ಕಾರಣ ತೂಕವಲ್ಲ, ತೊಟ್ಟ ಬಟ್ಟೆ. ಇಳಿಜಾರಿನ ಮೇಲೆ ಮಗುವನ್ನು ಕೆಳಗೆ ಸೆಳೆಯುವ ಬಲವೂ, ಅದನ್ನು ತಡೆಯುವ ಘರ್ಷಣೆಯೂ, ಎರಡೂ ತೂಕಕ್ಕೆ ಅನುಗುಣವಾಗಿರುವುದರಿಂದ ತೂಕದ ಪ್ರಶ್ನೆಯೇ ಬಿದ್ದುಹೋಗುತ್ತದೆ. ಉಳಿಯುವುದು ಇಳಿಜಾರಿನ ಕೋನ ಮತ್ತು ಘರ್ಷಣಾಂಕ. ಘರ್ಷಣಾಂಕವು 0.3 ಇದ್ದರೆ 17 ಡಿಗ್ರಿಯ ಇಳಿಜಾರಿನಲ್ಲಿಯೇ ಜಾರುವಿಕೆ ಮೊದಲಾಗುತ್ತದೆ, 0.5 ಇದ್ದರೆ 27 ಡಿಗ್ರಿ ಬೇಕು. ಹಲಗೆಯೊಂದರ ಮೇಲೆ ಬಗೆಬಗೆಯ ಬಟ್ಟೆಯ ತುಂಡುಗಳನ್ನು ಸಣ್ಣ ಕಲ್ಲಿನ ಕೆಳಗಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಬಂದರೆ ಯಾವ ಬಟ್ಟೆ ಮೊದಲು ಜಾರುತ್ತದೆಂಬುದನ್ನು ಮನೆಯಲ್ಲಿಯೇ ನೋಡಬಹುದು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯನ್ನು ಹೇಳಬೇಕು. ಎರಡು ಮೂರು ವರ್ಷದ ಮಗು ಒಬ್ಬಂಟಿಯಾಗಿ ಜಾರಲು ಹೆದರಿದರೆ ಹಿರಿಯರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೇ ಜಾರುವುದುಂಟು. ಇದು ಸುರಕ್ಷಿತವೆಂಬ ನಂಬಿಕೆ ಎಲ್ಲೆಡೆಯೂ ಇದೆ. ಆದರೆ ಹೀಗೆ ಜಾರುವಾಗಲೇ ಮೊಣಕಾಲಿನ ಕೆಳಗಿನ ಎಲುಬು ಮುರಿದುಕೊಂಡು ಬರುವ ಮಕ್ಕಳನ್ನು ವೈದ್ಯರು ಅನೇಕ ದೇಶಗಳಲ್ಲಿ ಕಂಡಿದ್ದಾರೆ. ಕಾರಣವನ್ನು ಸಂವೇಗದ ಲೆಕ್ಕವೇ ತಿಳಿಸುತ್ತದೆ. 12 ಕಿಲೋಗ್ರಾಂ ತೂಕದ ಮಗು ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಒಂಟಿಯಾಗಿ ಜಾರುತ್ತಿದ್ದರೆ ಅದರ ಸಂವೇಗ 30 ಮಾನ. ಅದರ ಪಾದ ಪಕ್ಕದ ಅಂಚಿಗೆ ಸಿಕ್ಕಿಕೊಂಡರೂ ಇಡೀ ಮೈ ನಿಂತುಬಿಡುತ್ತದೆ ಅಥವಾ ಹೊರಳುತ್ತದೆ, ಕಾಲಿಗೆ ದೊಡ್ಡ ಹಾನಿಯಾಗುವುದು ಅಪರೂಪ. ಅದೇ ಮಗು 48 ಕಿಲೋಗ್ರಾಂ ತೂಕದ ಅಕ್ಕನ ತೊಡೆಯ ಮೇಲಿದ್ದರೆ ಒಟ್ಟು ತೂಕ 60 ಕಿಲೋಗ್ರಾಂ, ಸಂವೇಗ 150 ಮಾನ, ಅಂದರೆ ಐದರಷ್ಟು. ರಬ್ಬರಿನ ಬೂಟು ಅಂಚಿಗೆ ಅಂಟಿ ಪಾದವು ನಿಂತರೂ ಅಕ್ಕನ ಮೈ ನಿಲ್ಲದೆ ಮುಂದೆ ಸಾಗುತ್ತದೆ, ಆ ಭಾರವೆಲ್ಲ ಮಗುವಿನ ಎಳೆಯ ಎಲುಬನ್ನು ತಿರುಚುತ್ತದೆ. ಆದುದರಿಂದ ತೊಡೆಯ ಮೇಲೆ ಕೂರಿಸಿಕೊಂಡು ಜಾರಬಾರದು. ಬಂಡೆಯ ಕೆಳತುದಿಯ ಸಮೀಪ, ಕಡಿಮೆ ಎತ್ತರದಲ್ಲಿ ಮಗುವನ್ನು ಕೂರಿಸಿ, ಪಕ್ಕದಲ್ಲಿ ನಿಂತು ಕೈಹಿಡಿದು ಇಳಿಸಬಹುದು.

ಕಾದ ತಗಡು

ಬೀದರದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಬಿಸಿಲಿನಲ್ಲಿರುವ ತಗಡಿನ ಜಾರುಬಂಡೆಯು ಗಾಳಿಗಿಂತ ಬಹಳ ಹೆಚ್ಚು ಕಾದು 60 ಡಿಗ್ರಿಯನ್ನೂ ಮೀರಬಲ್ಲದು. ಹೊಳೆಯುವ ತಗಡು ಬಿಸಿಲನ್ನು ಹಿಂದಕ್ಕೆ ಕಳಿಸಿಬಿಡುತ್ತದೆ, ಅದು ಕಾಯಲಾರದು ಎಂದು ನೀವು ವಾದಿಸಬಹುದು. ಬೆಳಕಿನ ಹೆಚ್ಚುಪಾಲನ್ನು ಅದು ಪ್ರತಿಫಲಿಸುವುದು ನಿಜ. ಆದರೆ ನುಣುಪಾದ ಲೋಹವು ತಾನು ಹೀರಿದ ಉಷ್ಣವನ್ನು ವಿಕಿರಣದ ಮೂಲಕ ಹೊರಬಿಡುವುದರಲ್ಲಿ ಬಹಳ ಜಿಪುಣ. ಆದಾಯ ಕಡಿಮೆಯಿದ್ದರೂ ವೆಚ್ಚ ಅದಕ್ಕಿಂತ ಕಡಿಮೆಯಾದಾಗ ಗಂಟು ಬೆಳೆಯುವಂತೆ ತಗಡಿನ ಉಷ್ಣತೆ ಏರುತ್ತದೆ.

ಪಕ್ಕದಲ್ಲಿಯೇ ಇರುವ ಮರದ ಬೆಂಚು ಅಷ್ಟೇ ಕಾದಿದ್ದರೂ ಕೈಗೆ ಅಷ್ಟು ಚುರುಕು ಮುಟ್ಟಿಸುವುದಿಲ್ಲ. ನಮ್ಮ ಚರ್ಮವು ಮುಟ್ಟಿದ ವಸ್ತುವಿನ ಉಷ್ಣತೆಯನ್ನೇ ನೇರವಾಗಿ ಅರಿಯುವುದಿಲ್ಲ, ಚರ್ಮ ಎಷ್ಟು ಬೇಗ ಎಷ್ಟು ಬಿಸಿಯಾಯಿತೆಂಬುದನ್ನು ಅರಿಯುತ್ತದೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ಒಳ್ಳೆಯ ಉಷ್ಣವಾಹಕ. ಅದನ್ನು ಮುಟ್ಟಿದೊಡನೆ ಸುತ್ತಲಿನ ಲೋಹದಿಂದಲೂ ಉಷ್ಣವು ಆ ಸ್ಥಳಕ್ಕೆ ಹರಿದುಬಂದು ಚರ್ಮವನ್ನು ಸುಡುತ್ತದೆ. ಮಕ್ಕಳ ಚರ್ಮ ದೊಡ್ಡವರದಕ್ಕಿಂತ ತೆಳು. ಸುಟ್ಟಾಗ ತಟ್ಟನೆ ಸರಿಯುವ ಚುರುಕುತನ ಎಳೆಯ ಮಗುವಿಗಿಲ್ಲ. ಬೆಂದು ಅಳುತ್ತಾ ಅಲ್ಲಿಯೇ ಕುಳಿತಿರುವುದುಂಟು. ಹೀಗಿರಲು ನಿಯಮವೊಂದನ್ನು ಇಟ್ಟುಕೊಳ್ಳಿ: ಅಂಗೈಯ ಹಿಂಬದಿಯನ್ನು ತಗಡಿನ ಮೇಲೆ ಐದು ಎಣಿಸುವವರೆಗೆ ಇಡಿ. ನಿಮಗೆ ಇಡಲಾಗದಿದ್ದರೆ ಮಗುವನ್ನು ಕೂರಿಸಬೇಡಿ. ಪ್ಲಾಸ್ಟಿಕ್ಕಿನ ಬಂಡೆಯನ್ನೂ ಹೀಗೆಯೇ ಪರೀಕ್ಷಿಸಿ, ಬಹಳ ಕಾದರೆ ಅದೂ ಸುಡುತ್ತದೆ.

ಬಿಸಿಲು ಮಕ್ಕಳನ್ನು ದೊಡ್ಡವರಿಗಿಂತ ಬೇಗ ಬಳಲಿಸುವುದಕ್ಕೆ ರೇಖಾಗಣಿತದ ಕಾರಣವೂ ಇದೆ. ಒಂದೇ ಆಕಾರದ ಎರಡು ವಸ್ತುಗಳಲ್ಲಿ ಒಂದರ ಎತ್ತರ ಇನ್ನೊಂದರ ಅರ್ಧವಿದ್ದರೆ ಅದರ ಮೇಲ್ಮೈ ಕಾಲುಭಾಗವಾಗುತ್ತದೆ, ಗಾತ್ರವೋ ಎಂಟನೆಯ ಒಂದು ಭಾಗವಾಗುತ್ತದೆ. ಆದುದರಿಂದ ಒಂದೊಂದು ಕಿಲೋಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ ಚಿಕ್ಕದಕ್ಕೆ ಎರಡರಷ್ಟು ಮೇಲ್ಮೈ ಇದೆ. ಗಾಳಿಯು ಚರ್ಮಕ್ಕಿಂತ ಬಿಸಿಯಾಗಿರುವ ದಿನ ಆ ಮೇಲ್ಮೈಯ ಮೂಲಕವೇ ಉಷ್ಣವು ಒಳಗೆ ನುಗ್ಗುತ್ತದೆ. ಜೊತೆಗೆ ಮಗುವಿನ ಮುಖ ಕಾದ ನೆಲಕ್ಕೆ ನಮ್ಮದಕ್ಕಿಂತ ಸಮೀಪವಾಗಿರುತ್ತದೆ. ಬೇಸಗೆಯಲ್ಲಿ ಉದ್ಯಾನಕ್ಕೆ ಬೆಳಗಿನ ಹೊತ್ತು ಅಥವಾ ಸೂರ್ಯ ಇಳಿದ ಮೇಲೆ ಹೋಗಬೇಕು. ಮಗು ಕೇಳುವುದನ್ನು ಕಾಯದೆ ಆಗಾಗ ನೀರು ಕುಡಿಸಬೇಕು.

ಮರದ ನೆರಳು

ತಗಡಿನ ಚಪ್ಪರದ ನೆರಳೂ ನೆರಳೇ, ಬೇವಿನ ಮರದ ನೆರಳೂ ನೆರಳೇ. ಆದರೂ ಮಗು ಮರದ ಕೆಳಗೇ ಓಡುತ್ತದೆ. ಕಾದ ತಗಡು ತಾನೇ ಒಂದು ಒಲೆಯಾಗಿ ಕೆಳಗಿರುವವರ ತಲೆಯ ಮೇಲೆ ಉಷ್ಣವನ್ನು ಸೂಸುತ್ತದೆ. ಎಲೆಗಳು ಹಾಗಲ್ಲ. ಬೇರು ಹೀರಿದ ನೀರು ಎಲೆಯ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತಿರುತ್ತದೆ. ಆವಿಯಾಗಲು ನೀರಿಗೆ ಗುಪ್ತೋಷ್ಣ ಬೇಕು. ಈ ಗುಪ್ತೋಷ್ಣವನ್ನು 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ಗುರುತಿಸಿದನು. ಒಂದು ಲೀಟರ್ ನೀರು ಸಾಮಾನ್ಯ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 24 ಲಕ್ಷ ಜೂಲ್ ಶಕ್ತಿಯನ್ನು ಸುತ್ತಲಿನಿಂದ ತೆಗೆದುಕೊಳ್ಳುತ್ತದೆ. ಮರವೊಂದು ದಿನಕ್ಕೆ 50 ಲೀಟರ್ ನೀರನ್ನು ಆವಿಯಾಗಿಸಿತೆಂದು ಇಟ್ಟುಕೊಂಡರೆ, ಅದು ಹೀರಿದ ಉಷ್ಣವು ವಿದ್ಯುಚ್ಛಕ್ತಿಯ ಸುಮಾರು 33 ಯೂನಿಟ್ಟುಗಳಿಗೆ ಸಮ. ಮಗುವಿನ ಒಂದು ಕೈಯನ್ನು ಒದ್ದೆ ಮಾಡಿ ಇನ್ನೊಂದನ್ನು ಒಣಗಿದ್ದಂತೆ ಬಿಟ್ಟು, ಎರಡರ ಮೇಲೂ ಊದಿ ತೋರಿಸಿ. ಮರವು ತಣ್ಣಗಿರುವ ಗುಟ್ಟು ಅದಕ್ಕೆ ತಿಳಿಯುವುದು.

ಮರ ಹೀಗೆ ಕೆಲಸ ಮಾಡಬೇಕಾದರೆ ನೆಲದಲ್ಲಿ ನೀರಿರಬೇಕು. ಬೀದರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಈ ಕೆಂಪು ಕಲ್ಲಿನ ತುಂಬ ರಂಧ್ರಗಳು. ಮಳೆಯ ನೀರು ಅದರೊಳಗೆ ಇಳಿದು, ಕೆಳಗಿನ ಜೇಡಿಯ ಪದರವನ್ನೂ ಗಟ್ಟಿಯಾದ ಕಪ್ಪು ಕಲ್ಲನ್ನೂ ಮುಟ್ಟಿದಾಗ ಮುಂದೆ ಇಳಿಯಲಾರದೆ ಅಡ್ಡಲಾಗಿ ಹರಿಯುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿ ನರಸಿಂಹ ಝರಣಿ, ಪಾಪನಾಶ, ನಾನಕ ಝೀರಾ ಮೊದಲಾದ ಒರತೆಗಳು ಹುಟ್ಟಿರುವುದು ಹೀಗೆ. ಸುರಂಗ ಬಾವಿಯೆಂದು ಪ್ರಸಿದ್ಧವಾದ ಬಹಮನಿ ಕಾಲದ ಕರೇಜು ಈ ಭೂಗತ ನೀರನ್ನೇ ಇಳಿಜಾರಿನ ಸುರಂಗದಲ್ಲಿ ನಡೆಸುವ ಏರ್ಪಾಡು. ನಡುನಡುವೆ ಗಾಳಿಗೂ ಹೂಳೆತ್ತುವುದಕ್ಕೂ ನೆಟ್ಟನೆಯ ಬಾವಿಗಳಿವೆ. ಸುರಂಗದಲ್ಲಿ ಹರಿಯುವ ನೀರಿಗೆ ಬಿಸಿಲು ತಾಗದು, ಆದುದರಿಂದ ಅದು ಹೆಚ್ಚು ಆವಿಯಾಗಿ ಹೋಗದು. ಮರದ ಎಲೆ ನೀರನ್ನು ಆವಿಯಾಗಿಸಿ ತಂಪು ಮಾಡುತ್ತದೆ, ಸುರಂಗ ಆವಿಯಾಗದಂತೆ ಕಾದು ನೀರನ್ನು ಉಳಿಸುತ್ತದೆ. ಒಂದೇ ತತ್ತ್ವದ ಎರಡು ಮುಖಗಳಿವು.

ನೆರಳಿನೊಳಗಿನ ಬೆಳಕು

ಮರದ ಕೆಳಗೆ ನೆಲದ ಮೇಲೆ ಬಿದ್ದಿರುವ ಬೆಳಕಿನ ಚುಕ್ಕೆಗಳನ್ನು ಮಗುವಿಗೆ ತೋರಿಸಿ. ಎಲೆಗಳ ನಡುವಿನ ಸಂದುಗಳು ಚೌಕ, ತ್ರಿಕೋನ, ಸೀಳು ಹೀಗೆ ನಾನಾ ಆಕಾರಗಳಲ್ಲಿವೆ. ಆದರೂ ಚುಕ್ಕೆಗಳೆಲ್ಲ ದುಂಡಗಿವೆ. ಇದೇಕೆಂಬ ಪ್ರಶ್ನೆ ಅರಿಸ್ಟಾಟಲನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಗ್ರಂಥದಲ್ಲಿಯೂ ಇದೆ. 1604ರಲ್ಲಿ ಪ್ರಕಟವಾದ ದೃಗ್ವಿಜ್ಞಾನದ ಗ್ರಂಥದಲ್ಲಿ ಕೆಪ್ಲರನು ಇದನ್ನು ಸ್ಪಷ್ಟವಾಗಿ ವಿವರಿಸಿದನು. ಸಂದು ಚಿಕ್ಕದಾಗಿದ್ದು ನೆಲ ದೂರವಾಗಿದ್ದರೆ ಅದು ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡುತ್ತದೆ. ನೆಲದ ಮೇಲೆ ಕಾಣುವುದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. 2019ರ ಡಿಸೆಂಬರ್ 26ರಂದೂ 2020ರ ಜೂನ್ 21ರಂದೂ ಬೀದರ ಜಿಲ್ಲೆಯಲ್ಲಿ ಸೂರ್ಯನು ಭಾಗಶಃ ಮರೆಯಾದಾಗ ಮರದ ನೆರಳನ್ನು ನೋಡಿದವರಿಗೆ ಈ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದು ನೆನಪಿರಬಹುದು.

ಈ ಬಿಂಬದಿಂದ ಸೂರ್ಯನನ್ನೇ ಅಳೆಯಬಹುದು. ಹಾಳೆಯನ್ನು ಕಿರಣಕ್ಕೆ ಲಂಬವಾಗಿ ಹಿಡಿದರೆ ಅಂಡಾಕಾರದ ಚುಕ್ಕೆ ಪೂರ್ಣ ವೃತ್ತವಾಗುತ್ತದೆ. ಸಂದಿನಿಂದ ಹಾಳೆಗೆ 5 ಮೀಟರ್ ದೂರವಿದ್ದರೆ ವೃತ್ತದ ಅಡ್ಡಳತೆ ಸುಮಾರು 4.6 ಸೆಂಟಿಮೀಟರ್ ಬರುವುದು, ಅಂದರೆ ದೂರದ 108ನೆಯ ಒಂದು ಭಾಗ. ಸಮರೂಪ ತ್ರಿಕೋನಗಳ ನಿಯಮದಂತೆ ಸೂರ್ಯನ ಅಡ್ಡಳತೆಯೂ ಸೂರ್ಯನ ದೂರದ 108ನೆಯ ಒಂದು ಭಾಗವಾಗಿರಬೇಕು. ಆ ದೂರ 15 ಕೋಟಿ ಕಿಲೋಮೀಟರ್. ಭಾಗಿಸಿದರೆ ಸೂರ್ಯನ ಅಡ್ಡಳತೆ ಸುಮಾರು 13.9 ಲಕ್ಷ ಕಿಲೋಮೀಟರ್. ಸೂರ್ಯನನ್ನು ಕಣ್ಣೆತ್ತಿ ನೋಡದೆ, ನೆಲವನ್ನು ನೋಡಿ ಪಡೆದ ಅಳತೆಯಿದು. ಸೂರ್ಯನನ್ನು ನೇರವಾಗಿ ಎಂದೂ ನೋಡಬಾರದೆಂಬುದನ್ನು ಮಕ್ಕಳಿಗೆ ಇದೇ ಸಂದರ್ಭದಲ್ಲಿ ಹೇಳಿ.

ಬೀದರ, ಭಾಲ್ಕಿ, ಔರಾದು: ಮೂರು ನೆರಳುಗಳು

ಕೊನೆಯದಾಗಿ ಮೂರು ಊರುಗಳ ವಿದ್ಯಾರ್ಥಿಗಳು ಕೂಡಿ ಮಾಡಬಹುದಾದ ಪ್ರಯೋಗವೊಂದಿದೆ. ಚಳಿಗಾಲದ ಬಿಸಿಲು ಹಿತವಾಗಿರುವುದರಿಂದ ಮಕ್ಕಳನ್ನೂ ಜೊತೆಗಿಟ್ಟುಕೊಳ್ಳಬಹುದು. ಡಿಸೆಂಬರ್ 21ರಂದು 1 ಮೀಟರ್ ಎತ್ತರದ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಅದರ ತುದಿಯಲ್ಲಿ ಸಣ್ಣ ರಂಧ್ರವಿರುವ ರಟ್ಟಿನ ತುಂಡನ್ನು ಕಟ್ಟಿ. ಬರಿಯ ಕೋಲಿನ ನೆರಳಿನ ತುದಿ ಮಸುಕಾಗಿರುತ್ತದೆ. ರಂಧ್ರದಿಂದ ಬೀಳುವ ಸೂರ್ಯಬಿಂಬದ ನಡುವನ್ನು ಗುರುತು ಮಾಡಿದರೆ ಅಳತೆ ನಿಖರವಾಗುತ್ತದೆ. ರಂಧ್ರವು ನೆಲದಿಂದ ಸರಿಯಾಗಿ 1 ಮೀಟರ್ ಮೇಲಿರಬೇಕು, ದೂರವನ್ನು ರಂಧ್ರದ ನೇರ ಕೆಳಗಿನ ಬಿಂದುವಿನಿಂದ ಅಳೆಯಬೇಕು. ಅಂದು ನಮ್ಮ ಜಿಲ್ಲೆಯಲ್ಲಿ ಸೂರ್ಯನು ಅತಿ ಎತ್ತರಕ್ಕೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿದೆ, ಬೀದರ ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ. ಆದುದರಿಂದ ಹನ್ನೆರಡು ಗಂಟೆ ಹದಿನೆಂಟು ನಿಮಿಷದ ಹೊತ್ತಿಗೆ ಅತಿ ಗಿಡ್ಡ ನೆರಳು ದೊರೆಯುತ್ತದೆ.

ಬೀದರದ ಅಕ್ಷಾಂಶ 17.91 ಡಿಗ್ರಿ, ಭಾಲ್ಕಿಯದು 18.04, ಔರಾದಿನದು 18.25. ಈ ಅಂಕಿಗಳಿಂದ ಲೆಕ್ಕ ಹಾಕಿದರೆ ಅಂದಿನ ನೆರಳು ಬೀದರದಲ್ಲಿ 88.0 ಸೆಂಟಿಮೀಟರ್, ಭಾಲ್ಕಿಯಲ್ಲಿ 88.4, ಔರಾದಿನಲ್ಲಿ 89.1 ಆಗಬೇಕು. ಉತ್ತರಕ್ಕೆ ಹೋದಂತೆ ನೆರಳು ಬೆಳೆಯುತ್ತದೆ. ಬೀದರ ಮತ್ತು ಔರಾದಿನ ನಡುವಣ 1.1 ಸೆಂಟಿಮೀಟರ್ ವ್ಯತ್ಯಾಸವು ಭೂಮಿ ಗುಂಡಗಿದೆ ಎಂಬುದರ ಗುರುತು. ನೆರಳಿನ ಉದ್ದವನ್ನು ಕೋಲಿನ ಎತ್ತರದಿಂದ ಭಾಗಿಸಿ, ಆ ಸ್ಪರ್ಶಕಕ್ಕೆ ಹೊಂದುವ ಕೋನವನ್ನು ಕೋಷ್ಟಕದಲ್ಲಿ ನೋಡಿ, ಎರಡು ಊರುಗಳ ಕೋನಗಳನ್ನು ಕಳೆದರೆ 0.34 ಡಿಗ್ರಿ ಸಿಕ್ಕುತ್ತದೆ. ಉತ್ತರ ದಕ್ಷಿಣವಾಗಿ ಅಳೆದರೆ ಈ ಊರುಗಳ ನಡುವೆ 38 ಕಿಲೋಮೀಟರ್. ಹಾಗಾದರೆ 360 ಡಿಗ್ರಿಗೆ ಎಷ್ಟು? ಉತ್ತರ ಸುಮಾರು 40 ಸಾವಿರ ಕಿಲೋಮೀಟರ್, ಭೂಮಿಯ ಸುತ್ತಳತೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಎರಟೋಸ್ತನೀಸನು ಈಜಿಪ್ಟಿನ ಎರಡು ಊರುಗಳ ನೆರಳುಗಳಿಂದ ಮಾಡಿದ ಕೆಲಸವನ್ನು ನೀವು ನಿಮ್ಮ ಜಿಲ್ಲೆಯಲ್ಲಿಯೇ ಮಾಡಿದಂತಾಯಿತು. ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಉತ್ತರ ಹತ್ತರಲ್ಲಿ ಒಂದು ಪಾಲಿನಷ್ಟು ತಪ್ಪುವುದರಿಂದ, ಹಲವು ಸಲ ಅಳೆದು ಸರಾಸರಿ ತೆಗೆಯುವುದು ಅವಶ್ಯಕ.

ಬೇಸಗೆಯಲ್ಲಿ ಇದರ ಇನ್ನೊಂದು ತುದಿಯನ್ನು ಕಾಣಬಹುದು. ಮೇ 11ರ ಆಸುಪಾಸಿನಲ್ಲಿ ಬೀದರದ ನಡುಹಗಲಲ್ಲಿ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ಬರುವುದರಿಂದ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಔರಾದಿಗೆ ಈ ಕ್ಷಣ ಒಂದು ದಿನಕ್ಕಿಂತ ತುಸು ಹೆಚ್ಚು ತಡವಾಗಿ ಬರುತ್ತದೆ. ಆಗಸ್ಟ್ 1ರ ಸುಮಾರಿಗೆ ಸೂರ್ಯ ದಕ್ಷಿಣಕ್ಕೆ ಮರಳುವಾಗ ಅದೇ ನೋಟ ಔರಾದಿಗೆ ಮೊದಲು, ಬೀದರಕ್ಕೆ ಅನಂತರ. ಆದರೆ ಅದು ಮೋಡಗಳ ಕಾಲ. ಮೇ ತಿಂಗಳ ಪ್ರಯೋಗವನ್ನು ಮನೆಯ ಅಂಗಳದಲ್ಲಿ ಐದು ನಿಮಿಷದಲ್ಲಿ ಮುಗಿಸಿ ಮಕ್ಕಳನ್ನು ಒಳಗೆ ಕಳಿಸಿಬಿಡಿ.

ಉತ್ತರ ಹೇಳುವ ಬಗೆ

ಐದು ವರ್ಷದ ಮಗುವಿಗೆ ಸಂವೇಗ, ಗುಪ್ತೋಷ್ಣ ಎಂಬ ಹೆಸರುಗಳು ಬೇಕಿಲ್ಲ. ಹೆಸರು ನಿಮಗೆ, ನೋಟ ಅದಕ್ಕೆ. “ಸುಮ್ಮನಿರು” ಎಂಬ ಉತ್ತರವನ್ನು ಎರಡು ಸಲ ಕೇಳಿದ ಮಗು ಮೂರನೆಯ ಸಲ ಪ್ರಶ್ನಿಸುವುದನ್ನು ಬಿಡುತ್ತದೆ. “ನೋಡಿಯೇ ಬಿಡೋಣ” ಎಂಬ ಉತ್ತರವನ್ನು ಕೇಳಿದ ಮಗು ಇನ್ನೂ ಹತ್ತು ಪ್ರಶ್ನೆ ಕೇಳುತ್ತದೆ. ಎಣಿಸುವ ಕೆಲಸವನ್ನು ಅದಕ್ಕೆ ಕೊಡಿ, ಗಡಿಯಾರವನ್ನು ನೀವು ಹಿಡಿಯಿರಿ. ಮುಂಚಿತವಾಗಿ ಒಂದು ಊಹೆಯನ್ನು ಅದರ ಬಾಯಿಂದ ಹೇಳಿಸಿ. ಊಹೆ ತಪ್ಪಿದರೆ ನಗಬೇಡಿ, ಮತ್ತೊಮ್ಮೆ ಅಳೆಯಿರಿ. ನಿಮಗೂ ಇದರಿಂದ ಲಾಭವುಂಟು: ಪರೀಕ್ಷೆಗಾಗಿ ಕಂಠಪಾಠ ಮಾಡಿದ ಸೂತ್ರವೊಂದನ್ನು ಚಿಕ್ಕ ಮಗುವಿಗೆ ತಿಳಿಯುವಂತೆ ಹೇಳಲು ಹೊರಟಾಗಲೇ ಅದು ನಮಗೆ ಎಷ್ಟು ತಿಳಿದಿದೆಯೆಂಬುದು ಗೊತ್ತಾಗುವುದು.

ಮುಂದಿನ ಭಾನುವಾರ ಉದ್ಯಾನಕ್ಕೆ ಹೊರಡುವಾಗ ಜೇಬಿನಲ್ಲಿ ಅಳತೆಯ ಪಟ್ಟಿಯೊಂದನ್ನೂ ಚೀಲದಲ್ಲಿ ನೀರಿನ ಸೀಸೆಯನ್ನೂ ಇಟ್ಟುಕೊಳ್ಳಿ. ಮೊದಲು ತಗಡನ್ನು ಮುಟ್ಟಿ ನೋಡಿ, ಕೊಂಡಿಯನ್ನು ಪರೀಕ್ಷಿಸಿ, ನೆಲದ ಮೇಲೆ ಗೆರೆ ಎಳೆಯಿರಿ. ಅಷ್ಟಾದ ಮೇಲೆ ಮಕ್ಕಳನ್ನು ಆಡಲು ಬಿಟ್ಟು, ಅವರು ಕೇಳುವ ಮೊದಲ ಪ್ರಶ್ನೆಯನ್ನು ಬರೆದುಕೊಳ್ಳಿ.